ತೆರೆಸಿತಾದ ತುದಿಹಾಯಿ

ಕಮೋಲಿ, ೩ ಏಪ್ರಿಲ್ ೧೮೮೩

ತಮ್ಮಾ ಪಿಪ್ಪೊ,

ನೀನು ಬದುಕಿದ್ದೀಯ ಎಂದು ನನಗೆ ಗೊತ್ತಾದದ್ದು ನಿನ್ನ ಕಾಗದದಿಂದಲ್ಲ, ಬೀದಿಯ ಮಾತಿನಿಂದ. ಅದಕ್ಕೆ ನಿನ್ನ ಕಿವಿ ಹಿಂಡುವುದು ಬಾಕಿ ಇದೆ.

ಕಳೆದ ಗುರುವಾರ ನಿಮ್ಮ ಕಪ್ತಾನ ಎರಾಸ್ಮೊ ಜೆನೋವಾದಿಂದ ರೈಲಿನಲ್ಲಿ ಬಂದಿಳಿದ. ಮುರಿದ ಕಾಲಿಗೆ ಹಲಗೆ ಕಟ್ಟಿತ್ತು, ಇಬ್ಬರು ಹೆಗಲು ಕೊಟ್ಟಿದ್ದರು. ನಿಲ್ದಾಣದಿಂದ ಬಂದರು ಬೀದಿಗೆ ಇಳಿಯುವಷ್ಟರಲ್ಲಿ ಅರ್ಧ ಊರು ಅವನ ಹಿಂದಿತ್ತು. ಹಾರ್ನ್ ಭೂಶಿರದ ಹತ್ತಿರ ಮೂರು ದಿನ ಬಿರುಗಾಳಿಯಂತೆ. ನಿಮ್ಮ ಹಡಗು ‘ತೆರೆಸಿತಾ’ದ ನಡುವಿನ ಹಾಯಿಮರದ ತುದಿ ಮುರಿದದ್ದು, ಹೇಗೋ ತೆವಳಿಕೊಂಡು ಮೊಂತೆವಿದೇವೊ ಬಂದರು ಸೇರಿದ್ದು, ಹಡಗಿನ ರಿಪೇರಿ ನಿಮಗೆ ಬಿಟ್ಟು ತಾನು ಉಗಿಹಡಗು ಹತ್ತಿದ್ದು ಎಲ್ಲವನ್ನೂ ನಿಂತಲ್ಲೇ ಹೇಳಿದ.

ನಿನ್ನ ಗೆಳೆಯ ಗೊಸ್ತಿನ್ ಇನ್ನಿಲ್ಲ ಎಂಬುದನ್ನೂ ಅಲ್ಲೇ, ಬೀದಿಯಲ್ಲೇ ಹೇಳಿದ. ಅವನ ತಾಯಿ ಪೆಲ್ಲೆಗ್ರಾ ಹಾಯಿ ಹೊಲಿಯುವ ಅಟ್ಟದಿಂದ ಇಳಿದು ಬಂದಿದ್ದಳು. ಕೈಯಲ್ಲಿ ಸೂಜಿ ಹಾಗೇ ಇತ್ತು.

“ಹೇಗೆ ಹೋದ?” ಎಂದಳು.

“ಹುಂಬತನ, ತಾಯಿ. ಹತ್ತು ಅಂತ ಯಾರೂ ಅನ್ಲಿಲ್ಲ. ಇಂಥ ಗಾಳೀಲಿ ಮರ ಹತ್ತಬೇಡ ಕಣೋ ಅಂತ ಎಲ್ರೂ ಕೂಗಿದ್ರು. ಕೇಳ್ಳಿಲ್ಲ.”

ಪೆಲ್ಲೆಗ್ರಾ ಅಳಲಿಲ್ಲ. ಬಂದ ದಾರಿಯಲ್ಲೇ ಅಟ್ಟಕ್ಕೆ ಹೋದಳು. ನಾನು ಅವಳ ಹಿಂದೆ ಹೋಗಬೇಕಿತ್ತು, ಹೋಗಲಿಲ್ಲ. ಸತ್ತವನು ನೀನಲ್ಲ ಎಂದು ನನಗೆ ಸಂತೋಷವಾಗಿತ್ತು. ಆ ಸಂತೋಷ ನೆನೆದರೆ ಈಗ ನಾಚಿಕೆಯಾಗುತ್ತದೆ. ನೀವಿಬ್ಬರೂ ಒಂದೇ ದೋಣಿಯಿಂದ ನೀರಿಗೆ ಹಾರಿ ಈಜು ಕಲಿತವರು.

ಮೊನ್ನೆ ಕಪ್ತಾನ ಹೇಳಿಕಳಿಸಿದ. ಬಿರುಗಾಳಿಯಲ್ಲಿ ನಮ್ಮ ಬೊಸ್ಕೆತ್ತೊ ಇಗರ್ಜಿಯ ದೇವಮಾತೆಗೆ ಹರಕೆ ಹೊತ್ತಿದ್ದನಂತೆ. ಸೆಪ್ಟೆಂಬರ್ ಎಂಟರ ಹಬ್ಬಕ್ಕೆ ಹರಕೆಯ ಚಿತ್ರ ಇಗರ್ಜಿಯ ಗೋಡೆಯ ಮೇಲಿರಬೇಕು.

“ನಿಮ್ಮಪ್ಪ ಇದ್ದಿದ್ರೆ ಅವ್ರಿಗೇ ಹೇಳ್ತಿದ್ದೆ” ಎಂದು ರಾಗ ಎಳೆದ.

“ಅಪ್ಪ ಇಲ್ಲ, ಕಪ್ತಾನ್ರೇ, ಇರೋಳು ನಾನು. ಬೇಡ ಅಂದ್ರೆ ಜೆನೋವಾಗೆ ಹೋಗಿ. ಅಲ್ಲಿಯೋರು ಗಾಳಿ ಒಂದ್ಕಡೆ, ಬಾವುಟ ಇನ್ನೊಂದ್ಕಡೆ ಬರೆದು ಕೊಡ್ತಾರೆ” ಎಂದೆ. ನಕ್ಕು ಒಪ್ಪಿದ.

ಅಪ್ಪ ಏನು ಹೇಳುತ್ತಿದ್ದರು ನಿನಗೆ ಗೊತ್ತು. ಊರಿನ ಅರ್ಧ ಮನೆಗಳ ಗೋಡೆಗೆ ಇಲ್ಲದ ಕಿಟಕಿಯನ್ನು ನಿಜದಂತೆ ಬರೆದವರು ಅವರು. “ಗೋಡೆ ಮೇಲೆ ಎಷ್ಟು ಸುಳ್ಳು ಬೇಕಾದ್ರೂ ಬರಿ, ಕಿಟಕಿ ಬರಿ, ಕಿಟಕೀಲಿ ಬೆಕ್ಕು ಬರಿ. ಮಾತೆಗೆ ಕೊಡೋ ಚಿತ್ರದಲ್ಲಿ ಮಾತ್ರ ಒಂದು ಹಗ್ಗಾನೂ ಸುಳ್ಳಾಗಬಾರ್ದು” ಎನ್ನುತ್ತಿದ್ದರು. ಹಡಗಿನಲ್ಲಿದ್ದ ಇಬ್ಬರನ್ನು ಕೇಳದೆ ಅವರು ಕುಂಚ ಅದ್ದುತ್ತಿರಲಿಲ್ಲ. ಮೊದಲನೆಯವನು ಕಪ್ತಾನ, ಅವನು ಹೇಳಿಯಾಯಿತು. ಕೆಳಗಿನ ಒಂದು ಹಾಯಿ ಬಿಟ್ಟರೆ ಮಿಕ್ಕವೆಲ್ಲ ಕಟ್ಟಿದ್ದವು, ಮರಗಳು ಬೋಳಾಗಿದ್ದವು ಎನ್ನುತ್ತಾನೆ. ಎರಡನೆಯವನು ನೀನು. ಯಾವ ಹಾಯಿ ಬಿಚ್ಚಿತ್ತು, ಯಾವುದು ಕಟ್ಟಿತ್ತು, ಅಲೆ ಯಾವ ಕಡೆಯಿಂದ ಬಂತು, ಎಲ್ಲ ಬರೆ. ಯಾವಾಗಲೂ ಕಾಗದದ ಅಂಚಿನಲ್ಲಿ ಹಡಗು ಗೀಚುತ್ತೀಯಲ್ಲ, ಹಾಗೆ ಗೀಚಿ ಕಳಿಸು.

ದಾರಿ ಕಾಯುತ್ತಿರುವ ನಿನ್ನ ಅಕ್ಕ,
ಟೆಕ್ಲಾ


ಮೊಂತೆವಿದೇವೊ, ೧೪ ಮೇ ೧೮೮೩

ಅಕ್ಕಾ,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಕಿವಿ ಆಗಲೇ ಉರಿಯುತ್ತಿದೆ, ಊರಿಗೆ ಬಂದಾಗ ಮತ್ತೆ ಹಿಂಡುವ ಅಗತ್ಯವಿಲ್ಲ.

ಇಲ್ಲಿ ಸುಖವೋ ಸುಖ. ದಿನಾ ಗೋಮಾಂಸ. ನಮ್ಮೂರಿನ ಉಪ್ಪುಮೀನು ಕಂಡರೆ ಅದರ ಕಾಲಿಗೆ ಬೀಳುವಷ್ಟು ಆಸೆಯಾಗಿದೆ. ಹೊಸ ಮರಕ್ಕೆ ಬೇಕಾದ ತೊಲೆ ನಾಳೆ ಬರುತ್ತದೆ ಎಂದು ಆರು ವಾರದಿಂದ ಹೇಳುತ್ತಿದ್ದಾರೆ. ಬಡಗಿಗಳು ಇವತ್ತು ಬಂದರೆ ನಾಳೆ ಹಬ್ಬ. ಕಪ್ತಾನರ ಬದಲು ಹಡಗು ನೋಡಿಕೊಳ್ಳಬೇಕಾದ ಮೊದಲನೆಯ ಮೇಟ್ ದಿನವೆಲ್ಲ ಇಸ್ಪೀಟು ಆಡುತ್ತಾನೆ. ಎರಡನೆಯ ಮೇಟ್ ಆದ ನನಗೆ ಕೂರಲಾಗುವುದಿಲ್ಲ, ಬಂದರಿನ ಉದ್ದಕ್ಕೂ ನಡೆಯುತ್ತೇನೆ, ತುದಿ ಮುಟ್ಟಿ ವಾಪಸು ಬರುತ್ತೇನೆ, ಮತ್ತೆ ಹೋಗುತ್ತೇನೆ. ಹಗ್ಗ ಮಾರುವ ಮುದುಕಿ ನನ್ನನ್ನು ಗಡಿಯಾರದ ಲೋಲಕ ಎಂದು ಕರೆಯುತ್ತಾಳೆ.

ಅಕ್ಟೋಬರಿನ ಕಪ್ತಾನ ಪರೀಕ್ಷೆಗೆ ಊರು ಮುಟ್ಟಬೇಕೆಂದಿದ್ದೆ. ಹೀಗೇ ಆದರೆ ಅನುಮಾನ.

ಹಾಯಿಗಳ ಬಗ್ಗೆ ಕೇಳಿದ್ದೀಯ. ಕಪ್ತಾನ ಹೇಳಿದ್ದೇ ಸರಿ. ಅವರಿಗಿಂತ ಹೆಚ್ಚು ನನಗೇನು ಗೊತ್ತು? ಅವರು ಹೇಳಿದ ಹಾಗೆ ಬರೆದು ಮುಗಿಸು. ಚಿತ್ರ ಗೀಚಲು ಇಲ್ಲಿ ಒಳ್ಳೆಯ ಪೆನ್ಸಿಲ್ ಸಿಗುತ್ತಿಲ್ಲ.

ಪೆಲ್ಲೆಗ್ರಾ ಹೇಗಿದ್ದಾಳೆ? ಸರಿಯಾಗಿ ಊಟ ಮಾಡುತ್ತಾಳೆಯೇ? ಅವಳ ಮನೆಗೆ ಸೌದೆ ಯಾರು ಹಾಕುತ್ತಾರೆ? ಗೊಸ್ತಿನ್ ಹಾಕುತ್ತಿದ್ದ. ಬೇಡ, ಅದನ್ನೆಲ್ಲ ನನಗೆ ಬರೆಯಬೇಡ.

ನಿನ್ನ,
ಪಿಪ್ಪೊ


ಕಮೋಲಿ, ೨೦ ಜೂನ್ ೧೮೮೩

ಪಿಪ್ಪೊ,

‘ಕಪ್ತಾನ ಹೇಳಿದ್ದೇ ಸರಿ’! ಹುಟ್ಟಿದಾಗಿನಿಂದ ಯಾರು ಹೇಳಿದ್ದನ್ನು ಸರಿ ಎಂದಿದ್ದೀಯ ನೀನು? ಪಾದ್ರಿಗೇ ಲ್ಯಾಟಿನ್ ತಿದ್ದಲು ಹೋದವನು. ಮೊಂತೆವಿದೇವೊದಂಥ ಊರಿನಲ್ಲಿ ಪೆನ್ಸಿಲ್ ಸಿಗುವುದಿಲ್ಲವಂತೆ, ಶಾಯಿ ಮಾತ್ರ ಸಿಗುತ್ತದಂತೆ. ನಿನ್ನ ಕಾಗದ ಓದಿದಂದಿನಿಂದ ನಾನು ಕಾಲು ಸುಟ್ಟ ಬೆಕ್ಕಿನಂತೆ ತಿರುಗಾಡುತ್ತಿದ್ದೇನೆ.

ಕೇಳು, ಇಲ್ಲಿ ಏನಾಯಿತು ಎಂದು. ಕಪ್ತಾನ ಹೇಳಿದಂತೆಯೇ ಚಿತ್ರ ಶುರು ಮಾಡಿದೆ. ಎಡಗಡೆ ಮೂಲೆಯಲ್ಲಿ ಮೋಡ, ಮೋಡದೊಳಗೆ ಮಾತೆ. ಕೆಳಗೆ ಕಪ್ಪು ನೀರು, ಬೋಳುಮರದ ಹಡಗು. ಕಪ್ತಾನ ಮಂಡಿಯೂರಿದ್ದಾನೆ, ನೀವೆಲ್ಲ ಕೈಯೆತ್ತಿದ್ದೀರಿ. ಪೆಲ್ಲೆಗ್ರಾ ದಿನವೂ ಕೆಲಸ ಮುಗಿಸಿ ನನ್ನ ಕೋಣೆಗೆ ಬಂದು ಕೂರುತ್ತಾಳೆ. ನಾನು ಕೊಟ್ಟ ಬ್ರೆಡ್ಡನ್ನು ಕರವಸ್ತ್ರದಲ್ಲಿ ಕಟ್ಟಿಕೊಳ್ಳುತ್ತಾಳೆ, ತಿನ್ನುವುದು ನೋಡಿಲ್ಲ. ಹೋದ ಮಂಗಳವಾರ ಎದ್ದು ಚಿತ್ರದ ಹತ್ತಿರ ಬಂದಳು.

“ಇದ್ರಲ್ಲಿ ನನ್ನ ಮಗ ಎಲ್ಲಿ?”

“ಕಪ್ತಾನ್ರು ಬೇಡ ಅಂದ್ರು, ಪೆಲ್ಲೆಗ್ರಮ್ಮ. ಕೃಪೆ ಸಿಕ್ಕಿದೋರನ್ನ ಮಾತ್ರ ಬರೀಬೇಕಂತೆ.”

“ಹೋಗ್ಲಿ ಬಿಡು. ಹಾಯಿ ಎಲ್ಲಿ?”

“ಎಲ್ಲಾ ಕಟ್ಟಿತ್ತಂತೆ.”

ಅವಳು ನಡುಮರದ ಮೇಲೆ ಬೆರಳಿಟ್ಟು ಕೆಳಗಿನಿಂದ ಮೇಲಿನವರೆಗೆ ಹೋದಳು. ತುತ್ತತುದಿಯಲ್ಲಿ ಬೆರಳು ನಿಂತಿತು. ಹಸಿ ಬಣ್ಣ ಬೆರಳಿಗೆ ಅಂಟಿತು, ಒರೆಸಿಕೊಳ್ಳಲಿಲ್ಲ.

“ನಲವತ್ತು ವರ್ಷದಿಂದ ಹಾಯಿ ಹೊಲೀತಿದೀನಿ ಟೆಕ್ಲಾ. ತೆರೆಸಿತಾದ್ದು ಅಷ್ಟೂ ಹಾಯಿ ನಾನೇ ಹೊಲ್ದಿದ್ದು. ಹಾಯಿ ಎಲ್ಲಾ ಕಟ್ಟಿದ್ರೆ ಅಲ್ಲಿ ಮೇಲೆ ಮಾಡೋಕೆ ಏನು ಕೆಲಸ? ಬೋಳುಮರ ಹತ್ತೋಕೆ ನನ್ನ ಮಗ ಏನು ಕೋತೀನಾ?”

ಎಂಥ ಪೆದ್ದಿ ನಾನು! ಹಾಯಿ ಕಟ್ಟಲೋ ಬಿಚ್ಚಲೋ ಅಲ್ಲದೆ ಯಾವ ನಾವಿಕ ಮರದ ತುದಿಗೆ ಹೋಗುತ್ತಾನೆ? ಈ ಊರಿನಲ್ಲಿ ತೊಟ್ಟಿಲ ಮಗುವಿಗೂ ಗೊತ್ತಿರುವ ವಿಷಯ. ಕಪ್ತಾನ ಇಷ್ಟು ವರ್ಷ ಕಡಲಲ್ಲಿ ಇದ್ದು ಇಂಥ ಸುಳ್ಳು ಕಟ್ಟಿದನಲ್ಲ. ಸುಳ್ಳು ಹೇಳುವ ಅಭ್ಯಾಸ ಇರಲಿಲ್ಲವೇನೋ ಅವನಿಗೆ.

ಅವತ್ತೇ ಅವನ ಮನೆಗೆ ಹೋದೆ. ಕಿಟಕಿ ಪಕ್ಕ ಕಾಲು ಚಾಚಿ ಕುಳಿತಿದ್ದ.

“ಪೆಲ್ಲೆಗ್ರಮ್ಮ ಚಿತ್ರದ ಮೇಲೆ ಬೆರಳಿಟ್ಟು ತೋರಿಸಿದ್ರು. ತುದಿಹಾಯಿ ಬಿಚ್ಚಿತ್ತು, ಅಲ್ವಾ?” ಎಂದೆ.

“ನಿನ್ಗೆ ಹೇಳಿದ್ದನ್ನ ಬರಿ.”

“ಬೇಗ ಊರು ಮುಟ್ಟೋ ಆಸೆಗೆ ಹಾಯಿ ಇಳಿಸ್ದೆ ಹುಡುಗನ್ನ ಕೊಂದು, ಈಗ ಅವನ ತಲೆಗೇ ಕಟ್ತೀರಾ? ಆ ತಾಯಿ ಮುಖ ನೋಡಿ ಹೇಳಿ.”

ಬೈಯುತ್ತಾನೆ ಎಂದುಕೊಂಡೆ. ಬೈಯಲಿಲ್ಲ. “ಟೆಕ್ಲಾ, ನಿನ್ನ ಒಳ್ಳೇದಕ್ಕೇ ಹೇಳ್ತಿದೀನಿ. ಇದನ್ನ ಕೆದಕಬೇಡ. ಮನೆಗೆ ಹೋಗು” ಎಂದ. ಅವನ ದನಿಯಲ್ಲಿ ಕರುಣೆ ಇತ್ತು. ನನಗೆ ಇನ್ನೂ ಸಿಟ್ಟು ಬಂತು.

ಬಂದರಿನ ಕಟ್ಟೆಯಲ್ಲಿ ಕುಳಿತ ಮುದುಕರು ಗೊಸ್ತಿನ್‌ಗೆ ಹೊಸ ಹೆಸರಿಟ್ಟಿದ್ದಾರೆ, ‘ಗಾಳಿಪಟ’ ಎಂದು. ಮಕ್ಕಳು ಕಲಿತಿವೆ. ಪೆಲ್ಲೆಗ್ರಾ ಆ ದಾರಿ ಬಿಟ್ಟು ಹಿಂದಿನ ಮೆಟ್ಟಿಲು ಹತ್ತಿ ಮನೆಗೆ ಹೋಗುತ್ತಾಳೆ, ನೂರಾ ಹನ್ನೆರಡು ಮೆಟ್ಟಿಲು.

ಆದ್ದರಿಂದ ಇನ್ನೊಂದು ಸಲ ಕೇಳುತ್ತೇನೆ. ಆ ಹಾಯಿ ಬಿಚ್ಚಿತ್ತೇ? ಗೊಸ್ತಿನ್‌ನನ್ನು ಹತ್ತು ಎಂದವರು ಯಾರು? ನೀನು ಬರೆಯದಿದ್ದರೆ ಕಪ್ತಾನನೇ ಎಂದು ತಿಳಿಯುತ್ತೇನೆ. ತುದಿಹಾಯಿ ಬಿಚ್ಚಿದ ಹಡಗನ್ನೇ ಬರೆದು, ಹಬ್ಬದ ದಿನ ಊರೆಲ್ಲ ಸೇರಿದಾಗ ಅವನ ಹೆಸರು ಹೇಳಿ ಕೇಳುತ್ತೇನೆ. ನಾನು ಹೇಳಿದ್ದು ಮಾಡುವವಳು, ನಿನಗೆ ಗೊತ್ತು.

ಟೆಕ್ಲಾ


ಮೊಂತೆವಿದೇವೊ, ೨೭ ಜುಲೈ ೧೮೮೩

ಅಕ್ಕಾ,

ಕಪ್ತಾನರನ್ನು ಬೈಯಬೇಡ. ಹಬ್ಬದ ದಿನ ಅವರ ಹೆಸರು ಎತ್ತಬೇಡ. ನಿನ್ನ ಕಾಲಿಗೆ ಬೀಳುತ್ತೇನೆ.

ಜನವರಿ ಹನ್ನೊಂದು, ಮಧ್ಯಾಹ್ನದ ಊಟ ಆಗಿತ್ತು. ಕಪ್ತಾನರಿಗೆ ಜ್ವರ. ಕೆಳಗೆ ಮಲಗಲು ಹೋಗುವಾಗ, “ಪಾದರಸ ಇಳೀತಿದೆ ಪಿಪ್ಪೊ. ಇನ್ನೊಂದು ಗೆರೆ ಇಳಿದ್ರೆ ತುದಿಹಾಯಿ ಕಟ್ಟಿಸು, ನನ್ನ ಎಬ್ಬಿಸು” ಎಂದರು. ಪಹರೆ ನನ್ನದು, ಆ ಹೊತ್ತಿಗೆ ಹಡಗು ನನ್ನ ಕೈಯಲ್ಲಿ.

ವಾಯುಭಾರ ಮಾಪಕದ ಪಾದರಸ ಒಂದಲ್ಲ, ಮೂರು ಗೆರೆ ಇಳಿಯಿತು, ಬಿರುಗಾಳಿ ಬರುವ ಗುರುತು ಅದು. ನೋಡಿದೆ. ಹಾಯಿ ಕಟ್ಟಿಸಲಿಲ್ಲ, ಅವರನ್ನು ಎಬ್ಬಿಸಲೂ ಇಲ್ಲ. ಹಡಗು ಅವತ್ತು ಓಡಿದ ಹಾಗೆ ಯಾವತ್ತೂ ಓಡಿರಲಿಲ್ಲ. ಅವರು ಎದ್ದು ಬಂದು “ಇಷ್ಟು ದೂರ ಬಂದ್ಬಿಟ್ವಾ, ಶಹಬ್ಬಾಸ್” ಎನ್ನಲಿ ಎಂಬ ಆಸೆ. ಅಷ್ಟೇ ಅಕ್ಕ. ಇದಕ್ಕಿಂತ ದೊಡ್ಡ ಕಾರಣ ಇದ್ದಿದ್ದರೆ ಹೇಳಿಕೊಳ್ಳಲು ಸುಲಭವಾಗುತ್ತಿತ್ತು.

ಗಾಳಿ ಒಮ್ಮೆಗೇ ತಿರುಗಿತು. ಹತ್ತಿ ಕಟ್ಟಿ ಎಂದು ಆಗ ಕಿರುಚಿದೆ. ಸರದಿ ಬೇರೆಯವನದು, ಅವನು ಹಗ್ಗ ಹಿಡಿದು ನಿಂತವನು ಅಲುಗಲಿಲ್ಲ. ನಾನು ಗೊಸ್ತಿನ್ ಕಡೆ ತಿರುಗಿದೆ. ಹೆಸರು ಹಿಡಿದು ಕರೆಯಲಿಲ್ಲ, ಸುಮ್ಮನೆ ನೋಡಿದೆ. ನಾನು ನೋಡಿದರೆ ಅವನು ಬರುತ್ತಾನೆ ಎಂದು ನನಗೆ ಗೊತ್ತಿತ್ತು. ಒಂದು ಮಾತು ಹೇಳಿ ಹತ್ತಿದ. ಆ ಮಾತನ್ನು ಬರೆಯಲಾರೆ. ಹಾಯಿಯ ಅರ್ಧ ಕಟ್ಟಿದ್ದ, ಮರದ ತುದಿ ಅವನ ಸಮೇತ ಹೋಯಿತು.

ಕಪ್ತಾನರು ಜ್ವರದಲ್ಲೇ ಎದ್ದು ಬಂದರು. ಮೂರು ದಿನ ಹಡಗನ್ನು ಉಳಿಸಿದವರು ಅವರು, ಕಾಲು ಮುರಿದುಕೊಂಡದ್ದೂ ಆಗಲೇ. ಆಮೇಲೆ ನನ್ನನ್ನು ಕರೆದು, “ಹೋದೋನು ಹೋದ. ಇದು ಗೊತ್ತಾದ್ರೆ ನಿನ್ಗೆ ಯಾರೂ ಹಡಗು ಕೊಡಲ್ಲ. ನಾನು ಬೇರೆ ಥರ ಹೇಳ್ತೀನಿ, ನೀನು ಬಾಯಿ ಮುಚ್ಚಿಕೊಂಡಿರು” ಎಂದರು. ನಾನು ತಲೆಯಾಡಿಸಿದೆ. ಗೊಸ್ತಿನ್‌ನನ್ನು ನಾನು ಎರಡನೆಯ ಸಲ ತಳ್ಳಿದ್ದು ಆಗ.

ಈಗ ನಿನ್ನ ಇಷ್ಟ. ತುದಿಹಾಯಿ ಬರೆದೆಯಾದರೆ ಪಹರೆ ಯಾರದಿತ್ತು ಎಂದು ಊರು ಕೇಳುತ್ತದೆ, ನಾನು ಕಪ್ತಾನನಾಗುವ ಕಥೆ ಅಲ್ಲಿಗೆ ಮುಗಿಯಿತು. ಬರೆಯದಿದ್ದರೂ ನಾನು ಬರುವುದಿಲ್ಲ. ಪೆಲ್ಲೆಗ್ರಾಳ ಮುಂದೆ ನಿಲ್ಲಲು ನನಗೆ ಧೈರ್ಯವಿಲ್ಲ. ಬ್ವೆನೋಸ್ ಐರೆಸ್‌ನಲ್ಲಿ ನಮ್ಮ ಕಡೆಯವರು ನದಿಯಲ್ಲಿ ದೋಣಿ ನಡೆಸುತ್ತಾರೆ. ತೆರೆಸಿತಾ ಹೊರಡುವ ದಿನ ನಾನು ಇಳಿದುಕೊಳ್ಳುತ್ತೇನೆ. ಮರ ನಿಲ್ಲಿಸಿಯಾಯಿತು, ಇನ್ನು ಹಗ್ಗದ ಕೆಲಸ, ಅಕ್ಟೋಬರ್ ಮಧ್ಯಕ್ಕೆ ಹೊರಡುತ್ತದೆ.

ನಿನಗೆ ಮುಖ ತೋರಿಸಲಾರದ,
ಪಿಪ್ಪೊ


ಕಮೋಲಿ, ೯ ಸೆಪ್ಟೆಂಬರ್ ೧೮೮೩

ತಮ್ಮಾ,

ನಿನ್ನ ಕಾಗದ ಆಗಸ್ಟ್ ಇಪ್ಪತ್ತೇಳಕ್ಕೆ ಕೈಸೇರಿತು. ಹಬ್ಬಕ್ಕೆ ಹನ್ನೆರಡು ದಿನ ಉಳಿದಿತ್ತು. ಆ ಹನ್ನೆರಡು ದಿನ ನಾನು ಹೇಗೆ ಕಳೆದೆ ಎಂದು ಕೇಳಬೇಡ. ಎಷ್ಟು ಅತ್ತೆನೋ ಅಷ್ಟೇ ನಿನ್ನನ್ನು ಬೈದೆ.

ಮೊದಲ ದಿನ ತುದಿಹಾಯಿ ಬರೆದೆ. ಎರಡನೆಯ ದಿನ ಚಾಕುವಿನಿಂದ ಕೆರೆದು ತೆಗೆದೆ. ನನ್ನ ತಮ್ಮ, ನನಗೆ ಇರುವುದು ಅವನೊಬ್ಬ, ಕಡಲಿಂದ ಉಳಿದು ಬಂದವನನ್ನು ನನ್ನ ಕುಂಚದಿಂದ ಮುಳುಗಿಸಲೇ ಎಂದುಕೊಂಡೆ. ಮೂರನೆಯ ದಿನ ಪೆಲ್ಲೆಗ್ರಾ ಎಂದಿನಂತೆ ಬಂದು ಕುಳಿತಳು. ಬೀದಿಯಲ್ಲಿ ಯಾವುದೋ ಮಗು ‘ಗಾಳಿಪಟ, ಗಾಳಿಪಟ’ ಎಂದು ಕೂಗಿಕೊಂಡು ಓಡಿತು. ಅವಳು ತಲೆ ಎತ್ತಲಿಲ್ಲ. ಅವಳು ಹೋದ ಮೇಲೆ ಮತ್ತೆ ಬರೆದೆ. ನೀನು ಬದುಕಿದ್ದೀಯ ಪಿಪ್ಪೊ, ನಾಲ್ಕು ಜನರ ಬೈಗುಳ ತಿಂದು ಅರಗಿಸಿಕೊಳ್ಳಬಲ್ಲೆ. ಅವನಿಗೆ ಬಾಯಿಲ್ಲ. ಆದರೂ ಐದನೆಯ ದಿನ ಮತ್ತೆ ಕೆರೆದೆ. ಆ ಜಾಗದಲ್ಲಿ ಚಿತ್ರದ ಬಟ್ಟೆಯೇ ತೆಳ್ಳಗಾಗಿಹೋಗಿದೆ.

ಕಪ್ತಾನ ಕಂಕುಳಲ್ಲಿ ಊರುಗೋಲು ಸಿಕ್ಕಿಸಿಕೊಂಡು ಬಂದದ್ದು ಹಬ್ಬಕ್ಕೆ ಮೂರು ದಿನ ಮುಂಚೆ. ಅಷ್ಟರಲ್ಲಿ ಮೂರನೆಯ ಸಲ ಬರೆದು ಮುಗಿಸಿದ್ದೆ. ತುದಿಹಾಯಿ ಅರ್ಧ ಕಟ್ಟಿದೆ, ಅರ್ಧ ಗಾಳಿಯಲ್ಲಿ ಸಿಡಿಯುತ್ತಿದೆ. ಹಾಯಿ ತೂಗುವ ಅಡ್ಡದಂಡದ ಮೇಲೆ ಒಬ್ಬ ಮನುಷ್ಯ. ಕೆಳಗೆ ಚುಕ್ಕಾಣಿಯ ಪಕ್ಕ ಇನ್ನೊಬ್ಬ, ತಲೆ ಮೇಲೆತ್ತಿದ್ದಾನೆ. ಕಪ್ತಾನನನ್ನು ಹಡಗಿನ ಮೇಲಿಂದ ತೆಗೆದುಬಿಟ್ಟಿದ್ದೆ. ಆ ಗಳಿಗೆಯಲ್ಲಿ ಅವನು ಅಲ್ಲಿರಲಿಲ್ಲವಲ್ಲ.

ಚಿತ್ರದ ಹತ್ತಿರ ಬಂದು ನೋಡಿದ.

“ಪಿಪ್ಪೊ ಕಾಗದ ಬರೆದ್ನಾ?”

“ಬರೆದ.”

“ಗೊತ್ತಿದ್ದೂ ಇದನ್ನ ಮಾಡಿದ್ಯಾ? ನಿನ್ನ ತಮ್ಮ ಕಣೇ ಅವನು!”

“ನನ್ನ ತಮ್ಮ ಅಂತ್ಲೇ ಎರಡು ಸಲ ಕೆರೆದೆ, ಕಪ್ತಾನ್ರೇ. ಹರಕೆ ನಿಮ್ಮದು. ನಿಮಗೆ ಬೇಡ ಅಂದ್ರೆ ಚಾಕು ಅಗೋ ಅಲ್ಲಿದೆ. ನೀವೇ ಕೆರೀರಿ. ನನ್ನ ಕೈಲಿ ಆಗಲ್ಲ.”

ಚಾಕು ಎತ್ತಿಕೊಂಡ. ಅವನು ಕೆರೆಯಲಿ ಎಂದು ಬಯಸಿದೆನೋ ಬೇಡವೆಂದು ಬಯಸಿದೆನೋ ದೇವರಾಣೆ ಗೊತ್ತಿಲ್ಲ. ಕಪ್ತಾನ ಆ ಚಾಕುವಿನಿಂದ ತನ್ನ ಊರುಗೋಲಿನ ತುದಿಗೆ ಅಂಟಿದ್ದ ಡಾಂಬರು ಕೆರೆದು, ಚಾಕುವನ್ನು ಮೇಜಿನ ಮೇಲಿಟ್ಟ.

“ಮಾತೆ ಮುಂದೆ ಸುಳ್ಳು ಹೇಳ್ಬೋದಿತ್ತೇನೋ. ಪೆಲ್ಲೆಗ್ರಾ ಮುಂದೆ ಹೇಳೋಕಾಗಲ್ಲ. ಅವಳು ಮತ್ತೆ ಬಂದು ಬೆರಳಿಡ್ತಾಳೆ” ಎಂದು ಗೊಣಗಿಕೊಂಡು ಹೋದ.

ನಿನ್ನೆ ತೂಗುಹಾಕಿದೆವು. ಹಾಡು, ಧೂಪ, ಜನವೋ ಜನ. ಚಿತ್ರದ ಮೇಲಿನ ಬಟ್ಟೆ ತೆಗೆದಾಗ ಮೊದಲು ಸದ್ದಿತ್ತು, ಆಮೇಲೆ ಒಬ್ಬೊಬ್ಬರಾಗಿ ಓದಿಕೊಂಡರು. ನಮ್ಮೂರಿನವರಿಗೆ ಹಾಯಿ ಓದಲು ಹೇಳಿಕೊಡಬೇಕೇ. ಕಟ್ಟೆಯ ಮುದುಕರಲ್ಲಿ ಒಬ್ಬ, “ತುದಿಹಾಯಿ ಬಿಚ್ಚಿದೆ ಕಣ್ರೋ!” ಎಂದ. ಇನ್ನೊಬ್ಬ, “ಹಂಗಾದ್ರೆ ಅವನನ್ನ ಕಳಿಸಿದಾರೆ” ಎಂದ. ಟೋಪಿಗಳು ಕೈಗೆ ಬಂದವು. ಪೆಲ್ಲೆಗ್ರಾಳಿಗೆ ದಾರಿ ಬಿಟ್ಟರು. ಅವಳು ಕೆಳಗಿನಿಂದ ಮೇಲಿನವರೆಗೆ ನೋಡಿದಳು, ಆ ಪುಟ್ಟ ಮನುಷ್ಯನ ಹತ್ತಿರ ನಿಂತಳು. ಆಮೇಲೆ ತಿರುಗಿ, ಎಲ್ಲರಿಗೂ ಕೇಳುವಂತೆ, “ಪಹರೆ ಯಾರದಿತ್ತು?” ಎಂದಳು.

ಕಪ್ತಾನ ಬಾಯಿ ತೆರೆದ. ನಾನು ಅವನಿಗಿಂತ ಮುಂಚೆ ಹೇಳಿದೆ, “ನನ್ನ ತಮ್ಮಂದು.”

ನಿನ್ನನ್ನು ನಾನೇ ಊರು ಬಿಡಿಸಿದೆನೇನೋ ಎಂದು ಬೆಳಗಿನಿಂದ ಯೋಚಿಸುತ್ತಿದ್ದೇನೆ. ಆದರೆ ಮತ್ತೆ ಕೇಳಿದರೂ ಅದನ್ನೇ ಹೇಳುತ್ತೇನೆ.

ಪೆಲ್ಲೆಗ್ರಾ ಈಗ ಇಲ್ಲೇ ನನ್ನ ಎದುರು ಕುಳಿತಿದ್ದಾಳೆ. ನಿನ್ನ ಕಾಗದ ಓದಿ ಹೇಳು ಎಂದಳು, ಓದಿ ಹೇಳಿದೆ. ಒಂದು ಸಾಲನ್ನು ಎರಡು ಸಲ ಓದಿಸಿದಳು. ಈಗ ನೀನು ಬರಿ, ನಾನು ಹೇಳುತ್ತೇನೆ ಎನ್ನುತ್ತಿದ್ದಾಳೆ. ಅವಳದ್ದು ಕೆಳಗಿದೆ. ಇದು ತೆರೆಸಿತಾ ಹೊರಡುವ ಮುಂಚೆ ನಿನ್ನ ಕೈಸೇರಲಿ ಎಂದು ಇವತ್ತೇ ಜೆನೋವಾಗೆ ನಾನೇ ಒಯ್ದು ಅಂಚೆಹಡಗಿಗೆ ಹಾಕುತ್ತೇನೆ.

ನಿನ್ನ ಅಕ್ಕ,
ಟೆಕ್ಲಾ


ಪಿಪ್ಪೊ,

ಕೈ ಟೆಕ್ಲಾಂದು, ಮಾತು ನಂದು. ಒಂದಕ್ಷರ ಆಚೆ ಈಚೆ ಮಾಡ್ಬೇಡ ಅಂತ ಹೇಳಿ ಕೂರಿಸಿದೀನಿ.

ನಿನ್ನ ಕ್ಷಮಿಸಿದೀನಿ ಅಂತ ತಿಳ್ಕೋಬೇಡ. ಇಲ್ಲ. ಮುಂದೆ ಹೆಂಗೋ ಗೊತ್ತಿಲ್ಲ. ಐದು ತಿಂಗಳು ನನ್ನ ಮಗನ್ನ ಊರೆಲ್ಲ ಹುಂಬ ಅಂತು, ನೀನು ಅಲ್ಲಿ ಮಾಂಸ ತಿಂದ್ಕೊಂಡು ಸುಮ್ನಿದ್ದೆ. ಅದು ನನ್ನ ಹೊಟ್ಟೇಲಿ ಉರೀತಾನೇ ಇರತ್ತೆ.

ಆದ್ರೆ ನೀನು ಅಲ್ಲೆಲ್ಲೋ ನದೀಲಿ ಬಚ್ಚಿಟ್ಕೊಂಡ್ರೆ ನನ್ಗೇನು ಬಂತು? ನಿನ್ನ ಪರೀಕ್ಷೆ, ನಿನ್ನ ಹಡಗು, ಅದೆಲ್ಲ ನನ್ಗೆ ಬೇಡ. ಊರೋರು ಬೈದ್ರೆ ಬೈಸ್ಕೊ. ತೆರೆಸಿತಾ ಬಿಟ್ಟು ಇಳೀಬೇಡ.

ಹತ್ತೋ ಮುಂಚೆ ಗೊಸ್ತಿನ್ ಒಂದು ಮಾತು ಹೇಳ್ದ ಅಂತ ಬರ್ದಿದೀಯ. ಅದು ಬೈಗುಳಾನೋ, ತಮಾಷೆನೋ, ಏನಾದ್ರೂ ಇರ್ಲಿ. ಆ ಮಾತು ನಿಂದಲ್ಲ, ನಂದು. ಕಾಗದದಲ್ಲಿ ಬರೀಬೇಡ. ತಂದು ಕೊಡು.

ಗೊಸ್ತಿನ್ ತಾಯಿ,
ಪೆಲ್ಲೆಗ್ರಾ